ಮೆಣಸಿನ ಘಟಕದಲ್ಲಿ ವಿದೇಶಿ ಕಂಪನಿಗೆ ಪಾಲು ಕೊಡುವ ಮುನ್ನ

ಪ್ರಶ್ನೆ: ಶಿರಸಿಯಿಂದ ಯಲ್ಲಾಪುರಕ್ಕೆ ಹೋಗುವ ದಾರಿಯಲ್ಲಿ ನಮ್ಮ ಊರು. ಅಪ್ಪಯ್ಯ, ಅಣ್ಣ ಮತ್ತು ನಾನು ಪಾಲುದಾರರಾಗಿ ಕಾಳುಮೆಣಸು ಮತ್ತು ಮುರುಗಲು ಸಂಸ್ಕರಿಸುವ ಘಟಕ ನಡೆಸುತ್ತಿದ್ದೇವೆ. 22 ಮಂದಿ ಕೆಲಸಕ್ಕಿದ್ದಾರೆ. ಸುತ್ತಮುತ್ತಲಿನ ಸುಮಾರು 180 ತೋಟಗಳಿಂದ ಮಾಲು ಬರುತ್ತದೆ. ಕಳೆದ ವರ್ಷ 4.8 ಕೋಟಿ ರೂಪಾಯಿ ವಹಿವಾಟು ಆಗಿದೆ. ನಾಲ್ಕು ವರ್ಷಗಳಿಂದ ನಮ್ಮಲ್ಲಿ ಮೆಣಸು ಕೊಳ್ಳುತ್ತಿರುವ ನೆದರ್ಲೆಂಡ್ಸ್‌ನ ಕಂಪನಿಯೊಂದು 2.6 ಕೋಟಿ ರೂಪಾಯಿ ಹೂಡಿ ಶೇ 26ರಷ್ಟು ಪಾಲು ಪಡೆಯುತ್ತೇವೆಂದು ಪತ್ರ ಕಳುಹಿಸಿದೆ. ಆ ಹಣದಲ್ಲಿ ಮೆಣಸನ್ನು ಹಬೆಯಿಂದ ಶುದ್ಧೀಕರಿಸುವ ಯಂತ್ರ ಕೂರಿಸಬೇಕಂತೆ. ಮೂರು ವರ್ಷಗಳ ನಂತರ ಇಂದಿನ ದರದಲ್ಲಿಯೇ ಪಾಲನ್ನು ಶೇ 51ಕ್ಕೆ ಏರಿಸಿಕೊಳ್ಳುವ ಹಕ್ಕನ್ನೂ ಕೇಳಿದ್ದಾರೆ. ರಿಸರ್ವ್ ಬ್ಯಾಂಕಿನ ಅನುಮತಿ ತೆಗೆಸಿಕೊಡಲು 12 ಲಕ್ಷ ರೂಪಾಯಿ ಆಗುತ್ತದೆ, ಇಲ್ಲದಿದ್ದರೆ ಕಡತ ವರ್ಷಗಟ್ಟಲೆ ಕೂರುತ್ತದೆ ಎಂದು ಬೆಂಗಳೂರಿನ ಮಧ್ಯವರ್ತಿಯೊಬ್ಬರು ಹೇಳುತ್ತಿದ್ದಾರೆ. ಅಣ್ಣ ಒಪ್ಪುವ ಮನಸ್ಸಿನಲ್ಲಿದ್ದಾನೆ. ಅಪ್ಪಯ್ಯನಿಗೆ ಮಾತ್ರ ರಾತ್ರಿ ನಿದ್ದೆಯಿಲ್ಲ. ಮೆಣಸಿಗೆಂದು ಬಂದವರು ಹಿಂದೆ ರಾಜ್ಯವನ್ನೇ ತೆಗೆದುಕೊಂಡರು, ನಾಳೆ ತೋಟವೂ ಹೋಗುತ್ತದೆ ಎಂಬ ಚಿಂತೆ. ಘಟಕದ ಕಟ್ಟಡ ಅಪ್ಪಯ್ಯನ ಹೆಸರಿನ ಜಾಗದಲ್ಲಿದೆ. ಮೆಣಸು ಒಣಗಿಸುವ ಅಂಗಳದ ಒಂದು ಭಾಗ ಸೊಪ್ಪಿನ ಬೆಟ್ಟಕ್ಕೆ ಸೇರಿದೆ. ಇದು ಕೈಗೂಡಿದರೆ ಇನ್ನೂ ನಾಲ್ಕು ವಿದೇಶಿ ಕಂಪನಿಗಳನ್ನು ಈ ಕಡೆ ಕರೆತರಬಹುದು ಎಂದು ಊರಿನ ಯುವಕರು ಉತ್ಸಾಹದಲ್ಲಿದ್ದಾರೆ. ನಾವು ಏನು ಮಾಡಬೇಕು?

— ಓದುಗರೊಬ್ಬರು, ಶಿರಸಿ ತಾಲ್ಲೂಕು

ಉತ್ತರ: ನೀವು ರಿಸರ್ವ್ ಬ್ಯಾಂಕು, ಪಾಲು, ದರ ಎಲ್ಲವನ್ನೂ ವಿವರವಾಗಿ ಬರೆದು, ಅಂಗಳದ ವಿಷಯವನ್ನು ಅರ್ಧ ಸಾಲಿನಲ್ಲಿ ಮುಗಿಸಿದ್ದೀರಿ. ಚಾರ್ಟರ್ಡ್ ಅಕೌಂಟೆಂಟ್ ಆಗಿ ಇಪ್ಪತ್ತಕ್ಕೂ ಹೆಚ್ಚು ವರ್ಷ ವಿದೇಶಿ ಹೂಡಿಕೆಯ ಕಾಗದಪತ್ರಗಳನ್ನು ನೋಡುತ್ತ ಬಂದ ನನಗೆ ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಭಾರವಾಗಿ ಕಂಡದ್ದು ಆ ಅರ್ಧ ಸಾಲು. ಅಲ್ಲಿಗೆ ಬರುತ್ತೇನೆ. ಮೊದಲು ನಿಮ್ಮ 12 ಲಕ್ಷ ರೂಪಾಯಿ ಉಳಿಯಲಿ.

ಆಹಾರ ಸಂಸ್ಕರಣೆಯಲ್ಲಿ ಶೇ 100ರವರೆಗೂ ವಿದೇಶಿ ಬಂಡವಾಳಕ್ಕೆ ಸ್ವಯಂಚಾಲಿತ ಮಾರ್ಗವಿದೆ. ಹಾಗೆಂದರೆ ಹಣ ಬರುವ ಮುಂಚೆ ಸರ್ಕಾರದ ಅನುಮತಿಯೂ ಬೇಡ, ರಿಸರ್ವ್ ಬ್ಯಾಂಕಿನ ಅನುಮತಿಯೂ ಬೇಡ. ಬಂದ ಮೇಲೆ ನಿಮ್ಮ ಬ್ಯಾಂಕಿನ ಮೂಲಕ ವರದಿ ಸಲ್ಲಿಸಿದರಾಯಿತು. ಒಂದು ಕಾಲದಲ್ಲಿ ಹೀಗಿರಲಿಲ್ಲ, ನಿಜ. 1973ರ ವಿದೇಶಿ ವಿನಿಮಯ ಕಾಯ್ದೆ ಬಹುಪಾಲು ವಿದೇಶಿ ಕಂಪನಿಗಳ ಪಾಲನ್ನು ಶೇ 40ಕ್ಕೆ ಕಟ್ಟಿಹಾಕಿತ್ತು. 1991ರ ಜುಲೈಯಲ್ಲಿ ಬಾಗಿಲು ತೆರೆದ ಮೇಲೂ ಎಷ್ಟೋ ಪ್ರಸ್ತಾಪಗಳು ದೆಹಲಿಯ ವಿದೇಶಿ ಹೂಡಿಕೆ ಉತ್ತೇಜನ ಮಂಡಳಿಯ ಮುಂದೆ ಹೋಗಬೇಕಿತ್ತು. ಆ ಮಂಡಳಿಯೇ 2017ರಲ್ಲಿ ರದ್ದಾಯಿತು. ‘ಅನುಮತಿ ತೆಗೆಸಿಕೊಡುತ್ತೇನೆ’ ಎನ್ನುವವರು ಇಲ್ಲದ ಬಾಗಿಲಿಗೆ ಕೀಲಿಕೈ ಮಾರುತ್ತಿದ್ದಾರೆ. ಅವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಇದರಲ್ಲಿ ನ್ಯಾಯವಾಗಿ ಖರ್ಚಾಗುವುದು ಮೌಲ್ಯಮಾಪನಕ್ಕೆ, ಕಂಪನಿ ಕಾರ್ಯದರ್ಶಿಗೆ, ವಕೀಲರಿಗೆ ಮತ್ತು ಬ್ಯಾಂಕಿನ ಸಣ್ಣಪುಟ್ಟ ಶುಲ್ಕಕ್ಕೆ.

ಒಂದು ವಿಷಯವನ್ನು ಮಾತ್ರ ನೀವೇ ಕೇಳಿ ತಿಳಿದುಕೊಳ್ಳಿ: ಆ ಡಚ್ ಕಂಪನಿಯ ಕೊನೆಯ ಮಾಲೀಕರು ಯಾರು? 2020ರ ಏಪ್ರಿಲ್‌ನಲ್ಲಿ ಬಂದ ನಿಯಮದ ಪ್ರಕಾರ ಭಾರತದ ಜೊತೆ ನೆಲದ ಗಡಿ ಹಂಚಿಕೊಂಡಿರುವ ದೇಶಗಳ ಹೂಡಿಕೆ ಸರ್ಕಾರದ ಒಪ್ಪಿಗೆಯ ದಾರಿಯಲ್ಲಿ ಬರಬೇಕು. ಕಂಪನಿ ಎಲ್ಲಿ ನೋಂದಣಿಯಾಗಿದೆ ಎಂದು ನೋಡಿದರೆ ಸಾಲದು, ಅದರ ಹಿಂದಿನ ನಿಜವಾದ ಒಡೆಯರು ಎಲ್ಲಿಯವರು ಎಂದೂ ಇಲ್ಲಿ ನೋಡುತ್ತಾರೆ. ಲಿಖಿತವಾಗಿ ಕೇಳಿ. ನೇರವಾಗಿರುವ ಕಂಪನಿ ಇದಕ್ಕೆ ಬೇಸರಪಟ್ಟುಕೊಳ್ಳುವುದಿಲ್ಲ.

ಅನುಮತಿ ಬೇಡವಾದರೂ ಕ್ರಮ ಬಹಳ ಮುಖ್ಯ. ನೀವೀಗ ಪಾಲುದಾರಿಕೆ ಸಂಸ್ಥೆ. ಅನಿವಾಸಿ ಭಾರತೀಯರು ಹಣವನ್ನು ವಾಪಸ್ ಒಯ್ಯದ ಷರತ್ತಿನ ಮೇಲೆ ಪಾಲುದಾರಿಕೆಗೆ ಬಂಡವಾಳ ಹಾಕಬಹುದು; ವಿದೇಶಿ ಕಂಪನಿಯೊಂದು ಹಾಗೆ ನೇರವಾಗಿ ಹಾಕುವಂತಿಲ್ಲ. ಆದ್ದರಿಂದ ಮೊದಲು ಖಾಸಗಿ ನಿಯಮಿತ ಕಂಪನಿಯಾಗಬೇಕು. ಆಮೇಲೆ ಷೇರಿನ ನ್ಯಾಯಬೆಲೆಯ ಪ್ರಮಾಣಪತ್ರ ಬೇಕು. ಅದಕ್ಕಿಂತ ಕಡಿಮೆ ದರಕ್ಕೆ ವಿದೇಶಿಯರಿಗೆ ಷೇರು ಕೊಡುವಂತಿಲ್ಲ. ಹಣ ಪ್ರತ್ಯೇಕ ಖಾತೆಗೆ ಬರಬೇಕು. ಬಂದ 60 ದಿನಗಳೊಳಗೆ ಷೇರು ಹಂಚಬೇಕು. ಹಂಚಿದ 30 ದಿನಗಳೊಳಗೆ ಎಫ್‌ಸಿ-ಜಿಪಿಆರ್ ಎಂಬ ನಮೂನೆಯನ್ನು ರಿಸರ್ವ್ ಬ್ಯಾಂಕಿನ ಜಾಲತಾಣದಲ್ಲಿ ತುಂಬಬೇಕು. ಅಲ್ಲಿಂದ ಮುಂದೆ ಪ್ರತಿ ವರ್ಷ ಜುಲೈ 15ರೊಳಗೆ ವಿದೇಶಿ ಹೊಣೆ ಮತ್ತು ಆಸ್ತಿಗಳ ವಾರ್ಷಿಕ ವಿವರ ಕೊಡಬೇಕು.

ಈ ಕ್ರಮ ತಪ್ಪಿದರೆ ಏನಾಗುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕರಾವಳಿಯ ಗೋಡಂಬಿ ವ್ಯಾಪಾರದ ಕುಟುಂಬವೊಂದು ನನ್ನ ಬಳಿ ಬಂದಾಗ ಹೂಡಿಕೆಯ ಹಣ ಪಾಲುದಾರಿಕೆಯ ಚಾಲ್ತಿ ಖಾತೆಗೆ ರಫ್ತಿನ ಮುಂಗಡ ಎಂದು ಜಮೆಯಾಗಿ, ಅರ್ಧ ಖರ್ಚೂ ಆಗಿಹೋಗಿತ್ತು. ಯಾರೂ ಮೋಸ ಮಾಡಿರಲಿಲ್ಲ. ಯಾರೂ ಕೇಳಿರಲಿಲ್ಲ, ಅಷ್ಟೇ. ಅದನ್ನು ಸರಿಪಡಿಸಲು 14 ತಿಂಗಳು ಹಿಡಿಯಿತು. ಅಷ್ಟರಲ್ಲಿ ಹೂಡಿಕೆದಾರರಿಗೆ ಸಾಕಾಗಿತ್ತು.

ಈಗ ನಿಮ್ಮ ಅಣ್ಣ ಗಮನವಿಟ್ಟು ಓದಬೇಕಾದ ಮಾತು. ಪಾಲುದಾರಿಕೆಯನ್ನು ಕಂಪನಿಯಾಗಿ ಪರಿವರ್ತಿಸುವಾಗ ಆಸ್ತಿಯೆಲ್ಲ ಹೊಸ ಕಂಪನಿಗೆ ಹೋದರೂ ಬಂಡವಾಳ ಲಾಭದ ತೆರಿಗೆ ಬೀಳದಂತೆ ಆದಾಯ ತೆರಿಗೆ ಕಾಯ್ದೆಯಲ್ಲಿ ಒಂದು ವಿನಾಯಿತಿ ಇದೆ. ಅದರ ಷರತ್ತುಗಳಲ್ಲಿ ಒಂದು: ಹಳೆಯ ಪಾಲುದಾರರೆಲ್ಲರ ಮತದ ಬಲ ಸೇರಿ ಐದು ವರ್ಷಗಳ ಕಾಲ ಶೇ 50ಕ್ಕಿಂತ ಕೆಳಗೆ ಇಳಿಯಬಾರದು. ಡಚ್ ಕಂಪನಿ ಕೇಳುತ್ತಿರುವುದು ಮೂರು ವರ್ಷಕ್ಕೆ ಶೇ 51. ಅವರು ಆ ಹಕ್ಕು ಚಲಾಯಿಸಿದ ದಿನ ನಿಮ್ಮ ಕುಟುಂಬದ ಕೈಯಲ್ಲಿ ಶೇ 49 ಉಳಿಯುತ್ತದೆ, ಅಂದು ನೀವು ಪಡೆದ ವಿನಾಯಿತಿ ಬಿದ್ದುಹೋಗುತ್ತದೆ. ಅವರ ವಕೀಲರು ಇದನ್ನು ನಿಮಗೆ ಹೇಳುವುದಿಲ್ಲ, ಹೇಳಬೇಕಾದ್ದು ಅವರ ಕೆಲಸವೂ ಅಲ್ಲ. ಶೇ 51ರ ಮಾತು ಬಂದರೆ ಐದು ವರ್ಷಕ್ಕೆ ಮುಂಚೆ ಇಲ್ಲ ಎಂದು ಈಗಲೇ ಹೇಳಿಬಿಡಿ.

‘ಇಂದಿನ ದರದಲ್ಲಿಯೇ’ ಎಂಬ ಪದವೂ ಹಾಗೆ. 2.6 ಕೋಟಿಗೆ ಶೇ 26 ಎಂದರೆ ಹಣ ಸೇರಿದ ಮೇಲೆ ಇಡೀ ಘಟಕಕ್ಕೆ 10 ಕೋಟಿ ಬೆಲೆ ಕಟ್ಟಿದಂತೆ. ನಿಮ್ಮ ಮೂವರ ಇಂದಿನ ದುಡಿಮೆಗೆ 7.4 ಕೋಟಿ. ಈ ಬೆಲೆ ಅನ್ಯಾಯವೆಂದು ನಾನು ಹೇಳಲಾರೆ. ಆದರೆ ಯಂತ್ರ ಬಂದು, ವಹಿವಾಟು ದುಪ್ಪಟ್ಟಾದ ಮೇಲೂ ಅದೇ ದರ ಏಕೆ? ಇಲ್ಲಿ ಕಾನೂನು ನಿಮ್ಮ ಪರವಾಗಿದೆ. ಷೇರು ಕೊಡುವ ದಿನದ ನ್ಯಾಯಬೆಲೆಗಿಂತ ಕಡಿಮೆಗೆ ಕೊಡುವುದಕ್ಕೆ ವಿದೇಶಿ ವಿನಿಮಯದ ನಿಯಮ ಒಪ್ಪುವುದಿಲ್ಲ. ಆ ಪದವನ್ನು ‘ಆ ದಿನದ ನ್ಯಾಯಬೆಲೆಯಲ್ಲಿ’ ಎಂದು ತಿದ್ದಲು ಹೇಳಿ. ಜೊತೆಗೆ ಇನ್ನೊಂದು ಪ್ರಶ್ನೆ ಹಾಕಿ: ಆಗ ಬರುವ ಹಣ ಕಂಪನಿಯ ಖಾತೆಗೋ, ನಿಮ್ಮ ಷೇರುಗಳನ್ನು ಕೊಂಡು ನಿಮ್ಮ ಕೈಗೋ? ಎರಡಕ್ಕೂ ಅಜಗಜಾಂತರವಿದೆ.

26 ಎಂಬ ಸಂಖ್ಯೆ ಸುಮ್ಮನೆ ಬಂದದ್ದಲ್ಲ. ಕಂಪನಿ ಕಾಯ್ದೆಯಲ್ಲಿ ದೊಡ್ಡ ನಿರ್ಧಾರಗಳಿಗೆ ವಿಶೇಷ ನಿರ್ಣಯ ಬೇಕು, ಅದಕ್ಕೆ ಮುಕ್ಕಾಲು ಪಾಲು ಮತ ಬೇಕು. ಕಾಲು ಭಾಗಕ್ಕಿಂತ ಹೆಚ್ಚು ಇರುವವರು ‘ಇಲ್ಲ’ ಎಂದರೆ ನಿರ್ಣಯ ನಿಲ್ಲುತ್ತದೆ. ನಿಯಮಾವಳಿ ಬದಲಿಸುವುದಾಗಲಿ, ಹೊಸಬರಿಗೆ ಷೇರು ಕೊಡುವುದಾಗಲಿ ಅವರ ಒಪ್ಪಿಗೆಯಿಲ್ಲದೆ ಆಗದು. ಶೇ 10 ಇದ್ದವರಿಗೇ ಅನ್ಯಾಯವಾಯಿತೆಂದು ಕಂಪನಿ ನ್ಯಾಯಮಂಡಳಿಗೆ ಹೋಗುವ ಹಕ್ಕಿದೆ. ಹಾಗಾಗಿ ಶೇ 24ಕ್ಕೂ ಶೇ 26ಕ್ಕೂ ನಡುವೆ ಇರುವ ಎರಡು ಅಂಕಗಳ ಬೆಲೆ ಉಳಿದ ಇಪ್ಪತ್ತನಾಲ್ಕಕ್ಕಿಂತ ಹೆಚ್ಚು. ಮಾತುಕತೆಯಲ್ಲಿ ನೀವು ಹಟ ಹಿಡಿಯಬೇಕಾದ ಜಾಗ ಇದು. ಹಣ 20 ಲಕ್ಷ ಕಡಿಮೆಯಾದರೂ ಪರವಾಗಿಲ್ಲ, ಪಾಲು ಕಾಲು ಭಾಗಕ್ಕಿಂತ ಕೆಳಗಿರಲಿ.

ಕರಡು ಒಪ್ಪಂದದ ಕೊನೆಯ ಪುಟಗಳನ್ನು ದಯವಿಟ್ಟು ಮೊದಲು ಓದಿ. ‘ಡ್ರ್ಯಾಗ್ ಅಲಾಂಗ್’ ಎಂಬ ಕಲಮು ಇದ್ದರೆ, ಅವರು ತಮ್ಮ ಪಾಲು ಮಾರುವಾಗ ನಿಮ್ಮ ಪಾಲನ್ನೂ ಅದೇ ಕೊಳ್ಳುವವರಿಗೆ ಮಾರಲು ಬಲವಂತ ಮಾಡಬಹುದು. ಸ್ಪರ್ಧೆಯ ನಿಷೇಧದ ಕಲಮು ಇದ್ದರೆ, ನಾಳೆ ಅಣ್ಣ ಹೊರಬಂದು ಬೇರೆ ಮೆಣಸಿನ ವ್ಯಾಪಾರ ಮಾಡುವಂತಿಲ್ಲ. ಶಿರಸಿಯಲ್ಲಿ ಮೆಣಸು ಬಿಟ್ಟು ಏನು ಮಾಡುವುದು? ಎಷ್ಟು ವರ್ಷ, ಯಾವ ಪ್ರದೇಶ ಎಂಬುದಕ್ಕೆ ಮಿತಿ ಬೇಕೇ ಬೇಕು.

ಅವರ ಕಡೆಯ ಭಯವನ್ನೂ ನೀವು ತಿಳಿದರೆ ಮಾತುಕತೆ ಹಗುರವಾಗುತ್ತದೆ. ವಿವಾದ ಬಂದರೆ ವಿದೇಶದಲ್ಲಿ ಪಂಚಾಯಿತಿ, ಅಂದರೆ ಕೋರ್ಟಿನ ಹೊರಗೆ ಮಧ್ಯಸ್ಥರ ತೀರ್ಮಾನ, ಆಗಬೇಕು ಎಂದು ಇಂಥವರು ಸಾಮಾನ್ಯವಾಗಿ ಪಟ್ಟು ಹಿಡಿಯುತ್ತಾರೆ. ಇದು ಅಹಂಕಾರವಲ್ಲ. ವೊಡಾಫೋನ್‌ನ ಪ್ರಕರಣ ನೆನಪಿರಬಹುದು: 2012ರ ಜನವರಿಯಲ್ಲಿ ತೆರಿಗೆಯ ವಿವಾದವೊಂದನ್ನು ಸುಪ್ರೀಂ ಕೋರ್ಟ್‌ನಲ್ಲಿ ಕಂಪನಿ ಗೆದ್ದಿತು, ಅದೇ ವರ್ಷ ಸಂಸತ್ತು ಕಾನೂನನ್ನು ಪೂರ್ವಾನ್ವಯವಾಗಿ, ಅಂದರೆ ಹಿಂದಿನ ವ್ಯವಹಾರಗಳಿಗೂ ತಗಲುವಂತೆ, ತಿದ್ದಿ ಅದೇ ತೆರಿಗೆಯನ್ನು ಮತ್ತೆ ಎದ್ದು ನಿಲ್ಲುವಂತೆ ಮಾಡಿತು. ಕಂಪನಿ ಭಾರತ ಮತ್ತು ನೆದರ್ಲೆಂಡ್ಸ್ ನಡುವಿನ ಹೂಡಿಕೆ ರಕ್ಷಣಾ ಒಪ್ಪಂದದ ಆಸರೆ ಹಿಡಿದು ಹೇಗ್‌ನಲ್ಲಿ 2020ರ ಸೆಪ್ಟೆಂಬರ್‌ನಲ್ಲಿ ಗೆದ್ದಿತು. 2021ರ ಆಗಸ್ಟ್‌ನಲ್ಲಿ ಭಾರತ ಆ ಪೂರ್ವಾನ್ವಯದ ತೆರಿಗೆಯನ್ನು ಹಿಂತೆಗೆದುಕೊಂಡಿತು. ಅಷ್ಟರಲ್ಲಿ ಆ ದೇಶದೊಂದಿಗಿನ ರಕ್ಷಣಾ ಒಪ್ಪಂದವೇ 2016ರ ಡಿಸೆಂಬರ್‌ನಲ್ಲಿ ಕೊನೆಗೊಂಡಿತ್ತು. ದೇಶಗಳ ನಡುವಿನ ರಕ್ಷಣೆ ಇಲ್ಲವಾದಾಗ ಅವರು ಆ ರಕ್ಷಣೆಯನ್ನು ನಿಮ್ಮ ಜೊತೆಗಿನ ಕಾಗದದಲ್ಲಿ ಬರೆಸಿಕೊಳ್ಳಲು ನೋಡುತ್ತಾರೆ. ಪಂಚಾಯಿತಿ ಒಪ್ಪಿಕೊಳ್ಳಿ, ಜಾಗ ಮಾತ್ರ ಬೆಂಗಳೂರೋ ಮುಂಬೈಯೋ ಆಗಲಿ. ಆಮ್‌ಸ್ಟರ್‌ಡ್ಯಾಮಿನಲ್ಲಿ ವಕೀಲರನ್ನು ಇಡುವ ಖರ್ಚು 4.8 ಕೋಟಿ ವಹಿವಾಟಿನ ಘಟಕಕ್ಕೆ ಮೂಗಿಗಿಂತ ಮೂಗುತಿ ಭಾರ ಆದಂತೆ.

ಯಂತ್ರದ ವಿಷಯದಲ್ಲಿ ಅವರ ಒತ್ತಾಯ ನ್ಯಾಯವಾದದ್ದು. ಅಂಗಳದಲ್ಲಿ ಒಣಗಿದ ಮೆಣಸಿನಲ್ಲಿ ಸಾಲ್ಮೊನೆಲ್ಲಾದಂಥ ಸೂಕ್ಷ್ಮಾಣು ಇರುವ ಸಾಧ್ಯತೆ ಇದ್ದೇ ಇರುತ್ತದೆ. ಅದನ್ನು ಕೊಲ್ಲಲು ಹಿಂದೆ ಎಥಿಲೀನ್ ಆಕ್ಸೈಡ್ ಅನಿಲ ಬಳಸುತ್ತಿದ್ದರು. ಯುರೋಪಿನಲ್ಲಿ ಅದರ ಶೇಷಕ್ಕೆ ಸಂಬಾರ ಪದಾರ್ಥಗಳಲ್ಲಿ ಕಿಲೋಗೆ 0.1 ಮಿಲಿಗ್ರಾಂ ಮಿತಿ. 2024ರ ಏಪ್ರಿಲ್‌ನಲ್ಲಿ ಹಾಂಗ್‌ಕಾಂಗ್ ಮತ್ತು ಸಿಂಗಪುರದಲ್ಲಿ ಭಾರತದ ಮಸಾಲೆ ಪುಡಿಗಳಿಗೆ ತಡೆ ಬಿದ್ದದ್ದೂ ಇದೇ ಅನಿಲದ ಕಾರಣಕ್ಕೆ. ಹಬೆಯ ಯಂತ್ರದಲ್ಲಿ ಶೇಷದ ಮಾತೇ ಇಲ್ಲ. ಆದರೆ ಯಂತ್ರ ಒಳ್ಳೆಯದು ಎಂಬುದೂ, ಯಂತ್ರಕ್ಕಾಗಿ ಪಾಲು ಮಾರಬೇಕು ಎಂಬುದೂ ಬೇರೆ ಬೇರೆ ಮಾತು. ನಿಮ್ಮ ಮಾಲು ಬರುವುದು ಕೊಯ್ಲಿನ ಕೆಲವೇ ತಿಂಗಳು. ಉಳಿದ ಕಾಲ ಆ ಯಂತ್ರಕ್ಕೆ ಏನು ಹಾಕುತ್ತೀರಿ? ಬೇರೆಯವರ ಮಾಲನ್ನು ಕೂಲಿಗೆ ಶುದ್ಧೀಕರಿಸಿ ಕೊಡುವುದಾದರೆ ಯಾರ ಮಾಲು, ಎಷ್ಟು ಟನ್ ಎಂದು ಲೆಕ್ಕ ಹಾಕಿದ್ದೀರಾ? ಈ ಲೆಕ್ಕ ನಿಮ್ಮ ಪತ್ರದಲ್ಲಿಲ್ಲ. ಅದಿಲ್ಲದೆ 2.6 ಕೋಟಿ ಸರಿಯಾದ ಮೊತ್ತವೇ ಎಂದು ಯಾರೂ ಹೇಳಲಾರರು.

ಇನ್ನು ನಿಮ್ಮ ಅಪ್ಪಯ್ಯನ ನಿದ್ದೆ. ಅವರ ಭಯವನ್ನು ಹಳೆಯ ಕಾಲದವರ ಮಾತು ಎಂದು ತಳ್ಳಿಹಾಕಬೇಡಿ. ಈ ಜಿಲ್ಲೆಗೆ ಮೆಣಸಿನ ನೆನಪು ಆಳವಾಗಿದೆ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದೇ ಕರೆದರು, ಆಕೆಯ ಬಂದರುಗಳ ಮೇಲೆ ಅವರ ಹಡಗುಗಳ ಕಣ್ಣಿತ್ತು. 1638ರಲ್ಲಿ ಕಾರವಾರದಲ್ಲಿ ಇಂಗ್ಲಿಷ್ ವ್ಯಾಪಾರಿಗಳ ಕೋಠಿ ಎದ್ದಿತು. ಆದರೆ ಅಂದು ಬಂದವರು ತಮ್ಮ ಕಾನೂನನ್ನೂ ಫಿರಂಗಿಯನ್ನೂ ತಾವೇ ತಂದಿದ್ದರು. ಇಂದು ಬರುವವರು ಭಾರತದ ಕಾನೂನಿನ ಕೆಳಗೆ ನೋಂದಣಿಯಾದ ನಿಮ್ಮದೇ ಕಂಪನಿಯಲ್ಲಿ ಷೇರುದಾರರಾಗುತ್ತಾರೆ. ವಿದೇಶದಲ್ಲಿರುವ ವ್ಯಕ್ತಿಯಾಗಲಿ ಕಂಪನಿಯಾಗಲಿ ಇಲ್ಲಿ ಕೃಷಿ ಭೂಮಿ, ತೋಟ, ತೋಟದ ಮನೆ ಕೊಳ್ಳುವಂತಿಲ್ಲ. 2020ರಲ್ಲಿ ಕರ್ನಾಟಕದ ಭೂ ಸುಧಾರಣಾ ಕಾಯ್ದೆ ತಿದ್ದುಪಡಿಯಾಗಿ ಕೃಷಿಕರಲ್ಲದವರಿಗೂ ಕೃಷಿ ಭೂಮಿ ಕೊಳ್ಳುವ ದಾರಿ ತೆರೆದ ಮೇಲೆ ಹಳ್ಳಿಗಳಲ್ಲಿ ಈ ಭಯ ಹೆಚ್ಚಿದೆ, ಅದು ಸಹಜ. ಆದರೂ ವಿದೇಶಿಯರ ಮೇಲಿನ ಆ ತಡೆ ಹಾಗೆಯೇ ಇದೆ. ನಿಮ್ಮ ತೋಟ ಅಪ್ಪಯ್ಯನ ಹೆಸರಿನಲ್ಲಿದೆ, ಘಟಕದ ಹೆಸರಿನಲ್ಲಿ ಇಲ್ಲ. ಘಟಕದಲ್ಲಿ ಯಾರಿಗೆ ಎಷ್ಟು ಪಾಲಿದ್ದರೂ ತೋಟದ ಒಂದು ಅಡಿಕೆ ಮರದ ಮೇಲೂ ಅವರಿಗೆ ಹಕ್ಕು ಹುಟ್ಟುವುದಿಲ್ಲ. ತೋಟ ಹೋಗುವ ದಾರಿ ಒಂದೇ ಇದೆ: ಬ್ಯಾಂಕ್ ಸಾಲಕ್ಕೋ ಒಪ್ಪಂದಕ್ಕೋ ಅಪ್ಪಯ್ಯ ವೈಯಕ್ತಿಕ ಜಾಮೀನು ನೀಡಿ, ತೋಟವನ್ನು ಅಡಮಾನ ಇಡುವುದು. ಅದಕ್ಕೆ ಸಹಿ ಹಾಕಬೇಡಿ.

ಕಟ್ಟಡದ ಜಾಗವನ್ನೂ ಕಂಪನಿಗೆ ಮಾರಬೇಡಿ, ಬಾಡಿಗೆ ಕರಾರಿನ ಮೇಲೆ ಕೊಡಿ ಎಂಬುದು ನನ್ನ ಸಲಹೆ. ಅಪ್ಪಯ್ಯನಿಗೆ ಇದನ್ನು ಹೇಳುವಾಗ ‘ಗೇಣಿ’ ಎಂಬ ಪದ ಬಳಸಬೇಡಿ. 1974ರ ನಂತರ ಗೇಣಿಗೆ ಕೊಟ್ಟ ಭೂಮಿ ಹೋದದ್ದನ್ನು ಕಂಡ ತಲೆಮಾರಿಗೆ ಆ ಪದವೇ ಎದೆಗೆ ಇರಿಯುತ್ತದೆ. ಕೃಷಿ ಭೂಮಿಯನ್ನು ಗೇಣಿಗೆ ಕೊಡುವುದಕ್ಕೆ ಕಾನೂನಿನ ನಿಷೇಧವೂ ಇದೆ. ಹಾಗಾಗಿ ಕಟ್ಟಡದ ಜಾಗ ಬಿನ್‌ಶೇತ್ಕಿ, ಅಂದರೆ ಕೃಷಿಯೇತರ ಬಳಕೆಗೆ ಪರಿವರ್ತನೆ, ಆಗಿರಲೇಬೇಕು. ಆಗಿದೆಯೇ ಎಂದು ಆದೇಶದ ಪ್ರತಿಯನ್ನು ತೆಗೆದು ನೋಡಿ. ಪಹಣಿಯಲ್ಲಿ ನಮೂದು ಇದೆಯೇ ಎಂದೂ ನೋಡಿ. ಆದೇಶವಾಗಿ ಪಹಣಿಗೆ ಏರದೇ ಉಳಿದ ಪ್ರಕರಣಗಳನ್ನು ನಾನು ಎಷ್ಟೋ ನೋಡಿದ್ದೇನೆ. ಬಿನ್‌ಶೇತ್ಕಿಯಾದ ಜಾಗದ ಕರಾರನ್ನು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಿದರೆ ಅವಧಿ ಮುಗಿದ ದಿನ ಜಾಗ ನಿಮ್ಮದೇ.

ಈಗ ಅಂಗಳ. ನಮ್ಮ ಕಡೆ ಸೊಪ್ಪಿನ ಬೆಟ್ಟ ಎಂದರೆ ಮನೆಯ ಆಸ್ತಿಯೆಂದೇ ಮಾತಿನಲ್ಲಿ ಹೇಳುತ್ತೇವೆ. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆ ಬೆಟ್ಟ ಎಂಬ ಲೆಕ್ಕ ಅಜ್ಜಂದಿರ ಕಾಲದಿಂದ ಬಂದಿದೆ. ಸೊಪ್ಪು, ದರಕು (ಉದುರಿದ ಒಣ ಎಲೆ), ಒಣ ಕಟ್ಟಿಗೆ ತರುವ ಸವಲತ್ತು ನಮ್ಮದು; ನೆಲ ಅರಣ್ಯದ್ದು. ಅಲ್ಲಿ ಕಾಂಕ್ರೀಟು ಹಾಸಿ ಉದ್ಯಮದ ಅಂಗಳ ಮಾಡಿದ್ದರೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಅಡ್ಡ ಬರುತ್ತದೆ. ಊರಿನಲ್ಲಿ ಯಾರೂ ಇದನ್ನು ತಪ್ಪೆಂದು ನೋಡುವುದಿಲ್ಲ, ಪಕ್ಕದ ಮನೆಯವರ ಅಂಗಳವೂ ಹಾಗೆಯೇ ಇರುತ್ತದೆ. ಆದರೆ ವಿದೇಶಿ ಕಂಪನಿಯ ವಕೀಲರು ನಕ್ಷೆ ಕೇಳುತ್ತಾರೆ, ಸರ್ವೆ ನಂಬರಿನ ಗಡಿ ಕೇಳುತ್ತಾರೆ. ಅಷ್ಟೇ ಅಲ್ಲ, ‘ಘಟಕದ ಎಲ್ಲ ಜಾಗವೂ ಕಾನೂನುಬದ್ಧ’ ಎಂದು ನಿಮ್ಮ ಮೂವರಿಂದ ಲಿಖಿತ ಭರವಸೆ ತೆಗೆದುಕೊಳ್ಳುತ್ತಾರೆ. ಸುಳ್ಳಾದರೆ ನಷ್ಟ ತುಂಬಿಕೊಡುವ ಹೊಣೆ ನಿಮ್ಮದು. ಜಿಲ್ಲೆಯಲ್ಲಿ ನಾನು ಕಂಡ ಮುರಿದುಬಿದ್ದ ಹೂಡಿಕೆಯ ಮಾತುಕತೆಗಳಲ್ಲಿ ದೆಹಲಿಯ ನಿಯಮದಿಂದ ಮುರಿದದ್ದು ಒಂದೂ ಇಲ್ಲ. ಹೆಚ್ಚಿನವು ನಿಂತದ್ದು ಇಂಥ ನೆಲದ ಮೇಲೆ.

ಇದನ್ನು ಮುಚ್ಚಿಡಬೇಡಿ. ಅಂಗಳವನ್ನು ಹಿಂದಕ್ಕೆ ಸರಿಸಿ, ಬೆಟ್ಟದ ಭಾಗವನ್ನು ಬಿಟ್ಟುಬಿಡಿ. ಬಿಸಿಲು ಕಡಿಮೆಯಾಗುತ್ತದೆ ಎಂದಾದರೆ ಬಿನ್‌ಶೇತ್ಕಿ ಜಾಗದಲ್ಲಿ ಒಣಗಿಸುವ ಮನೆ ಕಟ್ಟಿ. ಕೇಂದ್ರದ ಕೃಷಿ ಮೂಲಸೌಕರ್ಯ ನಿಧಿಯಲ್ಲಿ ಇಂಥದ್ದಕ್ಕೆ 2 ಕೋಟಿವರೆಗಿನ ಸಾಲಕ್ಕೆ ಏಳು ವರ್ಷ ಶೇ 3ರ ಬಡ್ಡಿ ರಿಯಾಯಿತಿ ಇಟ್ಟಿದ್ದರು; ಹೊಸ ಸಾಲಕ್ಕೆ ಈಗಲೂ ಸಿಗುತ್ತದೆಯೇ ಎಂದು ಬ್ಯಾಂಕಿನಲ್ಲಿ ಕೇಳಿ. ಆಮೇಲೆ ಡಚ್ ಕಂಪನಿಗೆ ನೀವೇ ಹೇಳಿ: ಹೀಗಿತ್ತು, ಹೀಗೆ ಸರಿಪಡಿಸಿದೆವು. ನನ್ನ ಅನುಭವದಲ್ಲಿ ಇದನ್ನು ಕೇಳಿ ಓಡಿಹೋದವರಿಲ್ಲ. ತಾವೇ ಕಂಡುಹಿಡಿದ ಮೇಲೆ ಉಳಿದವರೂ ಇಲ್ಲ.

ಹಾಗಾದರೆ ಮುಂದೆ ಇರುವ ದಾರಿಗಳು? ಪಾಲು ಕೊಡುವುದು ಒಂದು. ಸಾಲದ ಹೊರೆಯಿಲ್ಲ, ಮಾರುಕಟ್ಟೆ ಜೊತೆಯಲ್ಲೇ ಬರುತ್ತದೆ. ಆದರೆ ಒಮ್ಮೆ ಒಳಗೆ ಬಂದ ಷೇರುದಾರರನ್ನು ಕಳುಹಿಸುವುದು ಕಷ್ಟ. ಬೇರೆ ಖರೀದಿದಾರರು ನಿಮ್ಮನ್ನು ‘ಅವರ ಕಂಪನಿ’ ಎಂದು ನೋಡಿ ದೂರವಾಗಲೂಬಹುದು. ಇದನ್ನು ಹೆಚ್ಚಿನವರು ಮರೆಯುತ್ತಾರೆ. ಎರಡನೆಯದು, ಪಾಲಿನ ಬದಲು ಐದು ವರ್ಷದ ಖರೀದಿ ಒಪ್ಪಂದ ಕೇಳುವುದು: ವರ್ಷಕ್ಕೆ ಇಷ್ಟು ಟನ್, ದರ ಮಾರುಕಟ್ಟೆಗೆ ಜೋಡಿಸಿ, ಅದರ ಮೇಲೆ ಇಷ್ಟು. ಆ ಕಾಗದ ಹಿಡಿದು ಯಂತ್ರಕ್ಕೆ ಬ್ಯಾಂಕ್ ಸಾಲ ಕೇಳಬಹುದು. ಅಪಾಯ ನಿಮ್ಮ ತಲೆಯ ಮೇಲಿರುತ್ತದೆ, ಯಜಮಾನಿಕೆಯೂ ನಿಮ್ಮದಾಗಿರುತ್ತದೆ. ಖರೀದಿದಾರರು ಮಾತಿಗೆ ತಪ್ಪಿದರೆ ಏನು ಎಂಬುದಕ್ಕೆ ದಂಡದ ಕಲಮು ಇರಲೇಬೇಕು. ವೆನಿಲ್ಲಾದ ದಿನಗಳು ನಿಮ್ಮ ಅಪ್ಪಯ್ಯನಿಗೆ ಚೆನ್ನಾಗಿ ನೆನಪಿರುತ್ತವೆ. ಮಡಗಾಸ್ಕರ್‌ನಲ್ಲಿ ಬೆಳೆ ಕೆಟ್ಟಾಗ ಕಿಲೋ ಹಸಿ ಕೋಡಿಗೆ ಸಾವಿರಗಟ್ಟಲೆ ಕೊಟ್ಟವರು, ಅಲ್ಲಿ ಬೆಳೆ ಸುಧಾರಿಸಿದ ಕೂಡಲೇ ಫೋನೂ ಎತ್ತಲಿಲ್ಲ. ಆಗ ಮಲೆನಾಡಿನ ರೈತರ ಕೈಯಲ್ಲಿ ಒಂದು ಹಾಳೆಯ ಒಪ್ಪಂದವೂ ಇರಲಿಲ್ಲ. ಮೂರನೆಯದು, ಕೊಚ್ಚಿಯ ಕಡೆ ಕೂಲಿಗೆ ಹಬೆ ಶುದ್ಧೀಕರಣ ಮಾಡಿಕೊಡುವ ಘಟಕಗಳಲ್ಲಿ ಒಂದೆರಡು ವರ್ಷ ಮಾಲು ಮಾಡಿಸಿ ನೋಡುವುದು. ಸಾಗಣೆಯ ಖರ್ಚು ಲಾಭ ತಿನ್ನುತ್ತದೆ. ಆದರೆ ನಿಮಗೆ ನಿಜವಾಗಿ ಎಷ್ಟು ದೊಡ್ಡ ಯಂತ್ರ ಬೇಕು ಎಂಬುದು ಗೊತ್ತಾಗುತ್ತದೆ.

ನಾನು ನಿಮ್ಮ ಜಾಗದಲ್ಲಿದ್ದರೆ ಈ ಒಂದು ಕೊಯ್ಲನ್ನು ಮೂರನೆಯ ದಾರಿಯಲ್ಲಿ ಕಳೆದು, ಅಷ್ಟರಲ್ಲಿ ಕಂಪನಿಯ ನೋಂದಣಿ ಮತ್ತು ಜಾಗದ ಕಾಗದ ಸರಿಮಾಡಿಕೊಂಡು, ಮುಂದಿನ ವರ್ಷ ಶೇ 24ರ ಮಾತು ಆಡುತ್ತಿದ್ದೆ. ನಾಲ್ಕು ವರ್ಷ ಮಾಲು ಕೊಂಡವರು ಇನ್ನೊಂದು ವರ್ಷ ಕಾಯುತ್ತಾರೆ. ಕಾಯದೇ ಅವಸರ ಮಾಡಿದರೆ ಅದನ್ನೂ ಒಂದು ಉತ್ತರವೆಂದೇ ತಿಳಿಯಿರಿ.

ಊರಿನ ಯುವಕರಿಗೆ ನನ್ನ ಮೆಚ್ಚುಗೆ ತಿಳಿಸಿ. ಅವರಿಗೆ ಹೇಳಬೇಕಾದ್ದು ಸ್ವಲ್ಪ ಇದೆ. 2025ರ ಫೆಬ್ರುವರಿಯ ಇನ್ವೆಸ್ಟ್ ಕರ್ನಾಟಕ ಸಮಾವೇಶದಲ್ಲಿ 10.27 ಲಕ್ಷ ಕೋಟಿ ರೂಪಾಯಿಯ ಹೂಡಿಕೆ ಘೋಷಣೆಯಾಯಿತು. ಅಂಥ ಅಂಕಿಯಲ್ಲಿ ದೊಡ್ಡ ಭಾಗ ಒಡಂಬಡಿಕೆ, ಅಂದರೆ ಉದ್ದೇಶದ ಪತ್ರ; ಹಣ ಬರುವುದು ಆಮೇಲಿನ ಮಾತು. ದೇಶದ ಲೆಕ್ಕವೂ ಹಾಗೆಯೇ ಎರಡು ಮುಖದ್ದು. 2024-25ರಲ್ಲಿ ಭಾರತಕ್ಕೆ ಒಟ್ಟು ಸುಮಾರು 8,100 ಕೋಟಿ ಡಾಲರ್ ವಿದೇಶಿ ನೇರ ಹೂಡಿಕೆ ಬಂತು. ಹಳೆಯ ಹೂಡಿಕೆದಾರರು ಮಾರಿ ಒಯ್ದದ್ದನ್ನೂ ಭಾರತೀಯ ಕಂಪನಿಗಳು ಹೊರಗೆ ಹೂಡಿದ್ದನ್ನೂ ಕಳೆದರೆ ಉಳಿದದ್ದು 100 ಕೋಟಿ ಡಾಲರ್‌ಗಿಂತ ಕಡಿಮೆ. ಆದ್ದರಿಂದ ಎಷ್ಟು ಬಂತು ಎಂದು ಕೇಳುವಾಗ ಎಷ್ಟು ನಿಂತಿತು ಎಂದೂ ಕೇಳಬೇಕು.

ಉತ್ತರ ಕನ್ನಡಕ್ಕೆ ದೊಡ್ಡ ಕಾರ್ಖಾನೆಗಳು ಸಾಲುಗಟ್ಟಿ ಬರುತ್ತವೆ ಎಂದು ನಾನು ಆಸೆ ತೋರಿಸಲಾರೆ. ಜಿಲ್ಲೆಯ ಬಹುಭಾಗ ಅರಣ್ಯ. 2024ರ ಜುಲೈಯಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿದು ಜೀವಗಳು ಹೋದವು. ಮೂರು ವಾರದಲ್ಲಿ ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಮುರಿದುಬಿತ್ತು. ಮಾಲನ್ನು ದಿನಾಂಕಕ್ಕೆ ಸರಿಯಾಗಿ ಹಡಗಿಗೆ ಹತ್ತಿಸಬೇಕಾದ ಕಂಪನಿ ಇಂಥದ್ದನ್ನು ಬರೆದಿಟ್ಟುಕೊಳ್ಳುತ್ತದೆ. ಇನ್ನು ಕರಾವಳಿಯ ಜನ ಹೂಡಿಕೆಯ ವಿರೋಧಿಗಳು ಎಂಬ ಮಾತು ಸರಿಯಲ್ಲ. ಹೊನ್ನಾವರದ ಕಾಸರಕೋಡಿನಲ್ಲಿ ಖಾಸಗಿ ಬಂದರಿನ ವಿರುದ್ಧ ನಿಂತವರಲ್ಲಿ ಅದೇ ಮರಳಿನ ಮೇಲೆ ಮೀನು ಒಣಗಿಸಿ ಬದುಕುವ ಹೆಣ್ಣುಮಕ್ಕಳಿದ್ದರು. ಆ ಮರಳು ಅವರ ಕಾರ್ಖಾನೆ. ಅದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳದ ಯೋಜನೆಗೆ ವಿರೋಧ ಬಂದರೆ ಆಶ್ಚರ್ಯವೇನು?

ಈ ನೆಲಕ್ಕೆ ಹೊಂದುವ ಹೂಡಿಕೆ ನಿಮ್ಮ ಘಟಕದಂಥದ್ದು: ಇಲ್ಲಿಯೇ ಬೆಳೆಯುವುದನ್ನು ಇಲ್ಲಿಯೇ ಶುದ್ಧಮಾಡಿ ಕಳುಹಿಸುವಂಥದ್ದು. 15 ಕೋಟಿ ರೂಪಾಯಿವರೆಗಿನ ಯೋಜನೆಗಳಿಗೆ ಬೆಂಗಳೂರಿಗೆ ಅಲೆಯಬೇಕಿಲ್ಲ. ಕಾರವಾರದಲ್ಲಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಏಕಗವಾಕ್ಷಿ ಸಮಿತಿಯೇ ಒಪ್ಪಿಗೆ ಕೊಡುತ್ತದೆ. ಆದರೆ ಕಂಪನಿಗಳನ್ನು ಕರೆತರುವುದು ಏನು ಎಂಬುದಕ್ಕೆ ನಾನು ಕಂಡದ್ದನ್ನು ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ಸಿದ್ದಾಪುರದ ಕಡೆಯ ಒಂದು ಮನೆಗೆ ವಿದೇಶಿ ಖರೀದಿದಾರರ ಗುಣಮಟ್ಟ ಪರೀಕ್ಷಕಿ ಬಂದಿದ್ದರು. ಬಣ್ಣದ ಕೈಪಿಡಿ ಮೇಜಿನ ಮೇಲಿತ್ತು. ಅವರು ತೆರೆಯಲೂ ಇಲ್ಲ. ಚೀಲದೊಳಗೆ ಮೊಣಕೈವರೆಗೆ ಕೈ ಇಳಿಸಿ, ತಳದ ಮೆಣಸು ತೆಗೆದು, ಅಂಗೈಯಲ್ಲಿ ತಿಕ್ಕಿ ಮೂಸಿದರು. ಇದು ಯಾರ ತೋಟದ್ದು, ಯಾವಾಗ ಒಣಗಿದ್ದು ಎಂದು ಕೇಳಿದರು. ಮನೆಯ ಆಯಿ ಒಳಗಿನಿಂದ 200 ಪುಟದ ಶಾಲಾ ಪುಸ್ತಕ ತಂದರು. ದಿನಾಂಕ, ಮನೆಯ ಹೆಸರು, ತೂಕ, ಎಷ್ಟು ಬಿಸಿಲು, ತೇವಾಂಶ ಶೇ 11.2. ಒಂದು ಕಡೆ ‘ಮಳೆ ಹನಿ ಬಿತ್ತು, ಮೂರು ಚೀಲ ಬೇರೆ ಇಟ್ಟಿದೆ’ ಎಂದು ಬರೆದಿತ್ತು. ಆ ಸಾಲಿನ ಅರ್ಥ ಕೇಳಿ ತಿಳಿದುಕೊಂಡ ಪರೀಕ್ಷಕಿ ಆ ಮೂರು ಚೀಲ ತೋರಿಸಿ ಎಂದರು. ಅಟ್ಟದ ಮೂಲೆಯಲ್ಲಿ ಬೇರೆಯಾಗಿಯೇ ಇದ್ದವು. ಅವರು ಪುಸ್ತಕದ ಪ್ರತಿಯೊಂದು ಪುಟದ ಫೋಟೋ ತೆಗೆದುಕೊಂಡರು. ಆ ಮನೆಯಿಂದ ಇಂದಿಗೂ ಅವರಿಗೆ ಮಾಲು ಹೋಗುತ್ತಿದೆ.

ನಿಮ್ಮ 180 ತೋಟಗಳಿಗೂ ಅಂಥ ಒಂದೊಂದು ಪುಸ್ತಕ ಬರೆಸುವ ಕೆಲಸವನ್ನು ಆ ಯುವಕರಿಗೆ ವಹಿಸಿ. ನೀವು ಈ ವಾರವೇ ತಾಲ್ಲೂಕು ಕಚೇರಿಗೆ ಹೋಗಿ ಅಂಗಳದ ಸರ್ವೆ ನಂಬರಿನ ಅಳತೆಗೆ ಅರ್ಜಿ ಕೊಡಿ. ಕೊಯ್ಲು ಶುರುವಾದರೆ ನಿಮಗೂ ಬಿಡುವಿರುವುದಿಲ್ಲ. ಅಂಗಳದ ತುಂಬ ಮೆಣಸು ಹರಡಿದ ಮೇಲೆ ಭೂಮಾಪಕರು ಸರಪಳಿ ಎಲ್ಲಿ ಹಿಡಿಯಬೇಕು? ನಕ್ಷೆ ಕೈಗೆ ಬಂದ ಮೇಲೆ ಅದರ ಒಂದು ಪ್ರತಿಯನ್ನೂ ಡಚ್ ಕಂಪನಿಯ ಪತ್ರವನ್ನೂ ನನಗೆ ಕಳುಹಿಸಿ. ಕಲಮುಗಳನ್ನು ಒಂದೊಂದಾಗಿ ನೋಡೋಣ. ಅಪ್ಪಯ್ಯನೂ ಅಂದು ನಿಮ್ಮ ಜೊತೆ ಕುಳಿತಿರಲಿ.